ವಂದನಾರ್ಪಣೆಯಲ್ಲಿ ಒಂದು ಹೆಸರು

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ಇದು ನನ್ನ ಕತೆಯಲ್ಲ. ಹೇಳಬೇಕಾದವನು ಹೇಳಲಿಲ್ಲ, ನಾನು ಹೇಳಲೇ ಎಂದು ಕೇಳೋಣವೆಂದರೆ ಅವನು ಸಿಗುತ್ತಿಲ್ಲ. ನಾನು ಬರೆದು ಪಳಗಿದವಳೂ ಅಲ್ಲ. ಬೆಂಗಳೂರಿನಲ್ಲಿ ಹಗಲು ಬಲ್ಬಿನ ಫ್ಯಾಕ್ಟರಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು. ಕನ್ನಡದ ಮೇಷ್ಟ್ರು ಒಳ್ಳೆಯವರೇ, ಆದರೆ ಅರ್ಧ ಪಾಠ ನನ್ನ ತೂಕಡಿಕೆಯಲ್ಲಿ ಕಳೆದುಹೋಯಿತು. ಈಗಲೂ ಒಂದು ವಾಕ್ಯ ಬರೆದರೆ, ಇದು ತಪ್ಪು ಎಂದು ಅವರು ಹೇಳಿಕೊಟ್ಟ ದಿನ ನಾನು ನಿದ್ದೆ ಹೋಗಿದ್ದೆನೇನೋ ಅನ್ನಿಸುತ್ತದೆ.

ಹೆಸರುಗಳನ್ನು ಬದಲಾಯಿಸಿದ್ದೇನೆ. ದ್ಯಾಮಣ್ಣ ಅವನ ನಿಜವಾದ ಹೆಸರಲ್ಲ. ಚಂದ್ರಮೋಹನ ಅವರ ಹೆಸರೂ ಬೇರೆ. ಅವರ ಫ್ಯಾಕ್ಟರಿಯಲ್ಲಿ ಮಾಡುತ್ತಿದ್ದದ್ದೂ ಚಪಾತಿಯಲ್ಲ. ಒಂದು ಹೆಸರನ್ನು ಬಾಯಿಬಿಟ್ಟು ಹೇಳಿದ್ದರಿಂದ ಆದ ಅನಾಹುತವನ್ನು ಬರೆಯುವಾಗ ಇಷ್ಟಾದರೂ ಎಚ್ಚರ ಬೇಕಲ್ಲ. ಗಿರಿಜಾ ಅನ್ನುವ ನನ್ನ ಹೆಸರು ಮಾತ್ರ ನಿಜ.

ರೆಕ್ಸ್‌ಡೇಲ್‌ನಲ್ಲಿ ನಮ್ಮದೊಂದು ಹಳೆಯ ಮನೆ, ಬೆಂಗಳೂರು ಬಿಟ್ಟು ಈ ಹಿಮದ ದೇಶಕ್ಕೆ ಬಂದಮೇಲೆ ಕೊಂಡದ್ದು. ನಾನೂ ಯಜಮಾನರೂ ಮೇಲೆ, ಬೇಸ್‌ಮೆಂಟಿನಲ್ಲಿ ಇಬ್ಬರು ಬಾಡಿಗೆಗೆ. ಒಬ್ಬ ಮಂಥನ್, ಬೆಂಗಳೂರಿನವನು, ಇನ್ನೂ ಕಾಲೇಜಿನಲ್ಲಿದ್ದ. ಇನ್ನೊಬ್ಬ ದ್ಯಾಮಣ್ಣ, ಗದಗಿನ ಕಡೆಯವನು, ಇಪ್ಪತ್ತೊಂಬತ್ತು ವರ್ಷ. ಓದಲು ಬಂದು, ಓದು ಮುಗಿಸಿ, ಫ್ರೋಜನ್ ಚಪಾತಿ ಮಾಡುವ ಫ್ಯಾಕ್ಟರಿಯಲ್ಲಿ ಮಷೀನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ. ಆದರೆ ಅವನನ್ನು ಯಾರೂ ಚಪಾತಿ ಫ್ಯಾಕ್ಟರಿಯವನು ಎಂದು ಗುರುತಿಸುತ್ತಿರಲಿಲ್ಲ. ಅವನು ರ್‍ಯಾಪರ್.

ನಮ್ಮ ಅಡುಗೆಮನೆಯ ನೆಲದಲ್ಲಿ ಹೀಟರಿನ ಬಿಸಿಗಾಳಿ ಬರುವ ಜಾಲರಿ ಇದೆ. ಅದರಿಂದ ಬಿಸಿಗಾಳಿಯ ಜೊತೆಗೆ ಅವನ ಹಾಡೂ ಬರುತ್ತಿತ್ತು. ಹಾಡು ಅನ್ನಬಹುದೋ ಇಲ್ಲವೋ ನನಗೆ ತಿಳಿಯದು. ಡೊಳ್ಳಿನಂಥ ಒಂದು ಬಡಿತ, ಅದರ ಮೇಲೆ ಉಸಿರು ಬಿಡದೆ ಧಾರವಾಡದ ಕಡೆಯ ಮಾತು. ಒಂದು ಸಾಲು ನನಗೂ ಬಾಯಿಪಾಠವಾಗಿತ್ತು: "ನಮ್ಮ ಕಿಟಕಿಯಾಗ ಮುಖ ಕಾಣೂದಿಲ್ಲ, ಬೂಟಷ್ಟ ಕಾಣ್ತಾವ." ಬೇಸ್‌ಮೆಂಟಿನ ಕಿಟಕಿ ನೆಲಮಟ್ಟದಲ್ಲಿರುತ್ತದೆ, ದಾರಿಯಲ್ಲಿ ಹೋಗುವವರ ಕಾಲು ಬಿಟ್ಟರೆ ಏನೂ ಕಾಣುವುದಿಲ್ಲ. ಆ ಸಾಲು ಬಂದಾಗಲೆಲ್ಲ ಸ್ಕಾರ್ಬರೊದ ಹಾಲ್‌ಗಳಲ್ಲಿ ಹುಡುಗರು ಕೂಗಿ ಕುಣಿಯುತ್ತಿದ್ದರಂತೆ.

ಆ ಗಂಟಲಿಗೇ ಕುತ್ತು ಬಂತು. ಥೈರಾಯ್ಡಿನಲ್ಲಿ ಗಡ್ಡೆ. ಅದು ಧ್ವನಿಯ ನರಕ್ಕೆ ಸುತ್ತಿಕೊಂಡಿದೆ, ತೆಗೆಯುವಾಗ ನರ ಉಳಿಯದೆ ಹೋಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗಡ್ಡೆ ಹೋಯಿತು, ಅವನು ಉಳಿದ, ಧ್ವನಿ ಉಳಿಯಲಿಲ್ಲ. ಉಳಿದದ್ದು ಸೈಕಲ್ ಟ್ಯೂಬಿನಿಂದ ಗಾಳಿ ಹೋಗುವಂಥ ಒಂದು ಸದ್ದು. ಕಿವಿಯನ್ನು ಅವನ ಬಾಯಿಯ ಹತ್ತಿರ ಒಯ್ದರೆ ಮಾತು ತಿಳಿಯುತ್ತಿತ್ತು, ಎರಡು ಹೆಜ್ಜೆ ದೂರ ನಿಂತರೆ ಇಲ್ಲ.

"ಆಂಟಿ, ನಮ್ಮ ರ್‍ಯಾಪರ್ ಈಗ ಪರ್ಮನೆಂಟ್ ಸೈಲೆಂಟ್ ಮೋಡಲ್ಲಿದಾನೆ," ಅಂದ ಮಂಥನ್ ಒಂದು ದಿನ. ನಗಿಸಲೆಂದೇ ಹೇಳಿದ. ದ್ಯಾಮಣ್ಣ ನಕ್ಕ ಕೂಡ. ಆದರೆ ಆ ನಗುವಿಗೂ ಸದ್ದಿರಲಿಲ್ಲ. ನಾನು ಒಳಗೆ ಹೋಗಿ ಜಾಲರಿಯ ಮೇಲೆ ಕಾಲಿಟ್ಟು ಸುಮ್ಮನೆ ನಿಂತೆ. ಬಿಸಿಗಾಳಿ ಮಾತ್ರ ಬರುತ್ತಿತ್ತು.

ಚಿತ್ರ ಶುರುವಾದದ್ದು ಫ್ಯಾಕ್ಟರಿಯ ಊಟದ ಕೋಣೆಯಲ್ಲಿ. ಬರೆದು ತೋರಿಸೋಣವೆಂದರೆ ಅಲ್ಲಿ ಒಬ್ಬರು ಪಂಜಾಬಿ, ಒಬ್ಬರು ತಮಿಳು, ಇಬ್ಬರು ಫಿಲಿಪಿನೋ ಹೆಂಗಸರು. ಇವನು ಗೀಚುವ ಇಂಗ್ಲಿಷ್ ಎಲ್ಲರಿಗೂ ತಿಳಿಯದು. ಅದಕ್ಕೆ ಚಪಾತಿ ತುಂಬುವ ರಟ್ಟಿನ ಡಬ್ಬ ಬಿಚ್ಚಿ, ಅದರ ಒಳಬದಿಯಲ್ಲಿ ಕಪ್ಪು ಮಾರ್ಕರಿನಿಂದ ಚಿತ್ರ ಬರೆದು ತೋರಿಸತೊಡಗಿದ. ಮೊದಲು ನೀರು, ಊಟ, ಹೊಟ್ಟೆನೋವು. ಆಮೇಲೆ ಸೂಪರ್‌ವೈಸರ್. ಸೂಪರ್‌ವೈಸರ್ ಬಂದ ದಿನ ಇಡೀ ಕೋಣೆ ನಕ್ಕಿತಂತೆ.

ಅವನು ಯಾರ ಮುಖವನ್ನೂ ಬರೆಯುತ್ತಿರಲಿಲ್ಲ. ಮೊಣಕಾಲಿನಿಂದ ಕೆಳಗೆ ಮಾತ್ರ, ಬೇಸ್‌ಮೆಂಟಿನ ಕಿಟಕಿಯಲ್ಲಿ ಕಾಣುವ ಹಾಗೆ. ಓಟು ಕೇಳಲು ಬಂದ ಕ್ಯಾಂಡಿಡೇಟಿನ ಬೂಟು ಹೊಸ್ತಿಲ ಹೊರಗೆ ವಿನಯವಾಗಿ ಕಳಚಿಟ್ಟಿದೆ. ಪಕ್ಕದ ಚಿತ್ರದಲ್ಲಿ ಅವರು ಗೆದ್ದಿದ್ದಾರೆ, ಅದೇ ಬೂಟು ಕಿಟಕಿಗೆ ಅಡ್ಡ ನಿಂತು ಬೆಳಕು ಮುಚ್ಚಿದೆ. ಇನ್ನೊಂದರಲ್ಲಿ ಮಂತ್ರಿಗಳ ಮಿರುಗುವ ಬೂಟಿನ ಸುತ್ತ ಮೈಕುಗಳು, ಹಿಂದುಗಡೆ ಸೂಟ್‌ಕೇಸು ಎಳೆದುಕೊಂಡು ವಾಪಸು ಹೋಗುತ್ತಿರುವ ಹವಾಯಿ ಚಪ್ಪಲಿಗಳ ಸಾಲು. ನನಗೆ ಕಲೆ ಗೊತ್ತಿಲ್ಲ. ಆದರೆ ಅದನ್ನು ನೋಡಿ ನಕ್ಕೆ, ನಕ್ಕ ಮೇಲೆ ಯಾಕೆ ನಕ್ಕೆನೋ ಎಂದು ಸಂಕಟವಾಯಿತು.

"ಹಾಡಿದ್ರ ಕನ್ನಡದವರಿಗೆ ಅಷ್ಟ ತಿಳೀತಿತ್ತು ಅಕ್ಕಾರ," ಎಂದು ನನ್ನ ಕಿವಿಯ ಹತ್ತಿರ ಉಸುರಿದ. "ಇದು ಎಲ್ಲಾರಿಗೂ ತಿಳೀತೈತಿ."

ನಾವು ಕೆಲವು ಮನೆಗಳವರು ಸೇರಿ ಒಂದು ಸಣ್ಣ ಕನ್ನಡ ಸಂಘ ಮಾಡಿಕೊಂಡಿದ್ದೇವೆ. ನವೆಂಬರಿನಲ್ಲಿ ರಾಜ್ಯೋತ್ಸವ. ಆ ವರ್ಷ ಹಾಲಿನ ಒಂದು ಗೋಡೆಗೆ ಅವನ ಚಿತ್ರಗಳನ್ನು ಹಾಕೋಣ ಎಂದವಳು ನಾನೇ. ಇದನ್ನು ಮುಚ್ಚಿಡುವುದಿಲ್ಲ. ಅವನು ಚಿತ್ರಗಳನ್ನು ಒಂದೊಂದಾಗಿ ತಿರುವಿ ನೋಡಿ ನನ್ನ ಕಿವಿಯ ಹತ್ತಿರ ಬಾಗಿದ.

"ಹಾಕ್ರಿ. ಹೆಸರು ಮಾತ್ರ ಹಾಕಬ್ಯಾಡ್ರಿ."

"ಯಾಕಪ್ಪ? ನಿನ್ನ ಕೆಲಸ, ನಿನ್ನ ಹೆಸರು ಇರ್ಬೇಡ್ವಾ?"

"ಪರ್ಮಿಟ್ ಅವರ ಕೈಯಾಗ ಐತಲ್ರಿ ಅಕ್ಕಾರ."

ಅವರು ಅಂದರೆ ಚಂದ್ರಮೋಹನ, ಚಪಾತಿ ಫ್ಯಾಕ್ಟರಿಯ ಮಾಲೀಕರು. ಮೈಸೂರಿನವರು, ಮನೆ ಓಕ್‌ವಿಲ್‌ನಲ್ಲಿ, ನಮ್ಮ ಸಂಘದ ಪೋಷಕರು. ದ್ಯಾಮಣ್ಣನ ವರ್ಕ್ ಪರ್ಮಿಟ್‌ನಲ್ಲಿ ಅವರ ಕಂಪನಿಯ ಹೆಸರೊಂದೇ ಇತ್ತು. ಬೇರೆ ಕಡೆ ದುಡಿಯುವಂತಿರಲಿಲ್ಲ. ಅಲ್ಲಿ ಒಂದು ವರ್ಷ ತುಂಬಿಸಿ ಅವರಿಂದ ಒಂದು ಪತ್ರ ಪಡೆದರೆ ಈ ದೇಶದಲ್ಲಿ ಖಾಯಂ ಆಗಿ ಉಳಿಯಲು ಅರ್ಜಿ ಹಾಕಬಹುದಿತ್ತು. ಅವನು ಕೆಲಸಕ್ಕೆ ಸೇರಿ ಹನ್ನೊಂದನೆಯ ತಿಂಗಳು ನಡೆಯುತ್ತಿತ್ತು. ಪರ್ಮಿಟ್ ಜನವರಿಗೆ ಮುಗಿಯುವುದರಲ್ಲಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಏಪ್ರಿಲ್‌ನಲ್ಲಿ ಗಂಟಲಿಗೆ ಎರಡನೆಯ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಪೂರ್ತಿ ಅಲ್ಲದಿದ್ದರೂ ಅರ್ಧ ಧ್ವನಿ ಬರಬಹುದು ಎಂದಿದ್ದರು. ಕಾಗದಪತ್ರ ಸರಿಯಿದ್ದರೆ ಸರ್ಕಾರವೇ ಚಿಕಿತ್ಸೆಯ ಖರ್ಚು ಕೊಡುವ ಹೆಲ್ತ್ ಕಾರ್ಡು. ಹೆಲ್ತ್ ಕಾರ್ಡು ಇದ್ದರೆ ಆಪರೇಷನ್ನು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದುಬಿಟ್ಟರೆ ಎಷ್ಟು ಹಗುರ ಅನ್ನಿಸುತ್ತದೆ. ಆದರೆ ಗೊತ್ತಿತ್ತು.

ಗೋಡೆಗೆ ಹಾಕಬೇಕಾದ ಹತ್ತು ಚಿತ್ರಗಳಲ್ಲಿ ಒಂದು ಹೀಗಿತ್ತು. ದಪ್ಪ ಅಡಿಯ ಕೆಲಸದ ಬೂಟುಗಳು ಸಾಲಾಗಿ ನಿಂತಿವೆ. ಎದುರಿಗೆ ಎರಡೆರಡು ಕುಚ್ಚು ನೇತಾಡುವ ಒಂದು ಜೊತೆ ಬೂಟು. ಆ ಬೂಟಿನವರ ಕೈ ಮೇಲಿನಿಂದ ಇಳಿಬಿದ್ದಿದೆ, ಎಲ್ಲ ಕೆಲಸದ ಬೂಟುಗಳ ಲೇಸುಗಳೂ ಆ ಒಂದು ಮುಷ್ಟಿಯಲ್ಲಿವೆ.

"ಇದು ಬೇಡ ಕಣೋ," ಅಂದೆ.

"ಮುಖ ಎಲ್ಲೈತ್ರಿ ಇದರಾಗ?" ಎಂದು ನಕ್ಕ. "ಬೂಟು ಯಾರು ನೋಡ್ತಾರ? ನಮ್ಮಂಥವರು ಅಷ್ಟ."

ಈಗ ವಂದನಾರ್ಪಣೆಯ ವಿಷಯ. ನಮ್ಮ ಜನರ ಕಾರ್ಯಕ್ರಮ ಅಂದಮೇಲೆ ಕೊನೆಗೆ ವಂದನಾರ್ಪಣೆ ಇರಲೇಬೇಕು. ದೀಪ ಹಚ್ಚಿದವರಿಂದ ಹಿಡಿದು ಹಾಲಿನ ಬೀಗ ತೆಗೆದವರವರೆಗೆ ಎಲ್ಲರ ಹೆಸರನ್ನೂ ಹೇಳಬೇಕು. ಹಸಿದವರು ಊಟದ ಕಡೆ ನೋಡುತ್ತಿರುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಆದರೆ ಒಂದು ಹೆಸರು ಬಿಟ್ಟುಹೋದರೆ ಎಲ್ಲರಿಗೂ ಕೇಳಿಸುತ್ತದೆ. ಹಿಂದಿನ ವರ್ಷ ನಾನು ಸುಜಾತಾ ಅವರ ಹೆಸರು ಬಿಟ್ಟಿದ್ದೆ. ಅವರು ದೂರದ ವಿಟ್ಬಿಯಿಂದ ಎಂಬತ್ತು ಜನರಿಗೆ ಬಿಸಿಬೇಳೆಬಾತ್ ಮಾಡಿಕೊಂಡು ಬಂದಿದ್ದರು. "ಪರವಾಗಿಲ್ಲ ಬಿಡಿ ಗಿರಿಜಾ, ನಾನೇನು ಹೆಸರಿಗೆ ಮಾಡಿದ್ನಾ?" ಅಂದರು, ಆಮೇಲೆ ಹತ್ತು ತಿಂಗಳು ನನ್ನ ಫೋನ್ ಎತ್ತಲಿಲ್ಲ. ನಾನು ಎಷ್ಟೋ ರಾತ್ರಿಗಳನ್ನು ನಿದ್ದೆಗೆಟ್ಟು ಕಳೆದವಳು. ಈ ಸಲ ಒಬ್ಬರೂ ತಪ್ಪಬಾರದು ಎಂದು ಒಂದು ವಾರ ಮೊದಲೇ ಹೆಸರುಗಳನ್ನು ಸಣ್ಣ ಕಾರ್ಡುಗಳಲ್ಲಿ ಬರೆದೆ. ನಲವತ್ತಾರು ಕಾರ್ಡು.

ಮೂವತ್ತೊಂದನೆಯ ಕಾರ್ಡಿನಲ್ಲಿ ಹೀಗೆ ಬರೆದಿದ್ದೆ: "ಮೈಕ್, ಸ್ಪೀಕರ್, ಗೋಡೆಯ ಚಿತ್ರಗಳು – ದ್ಯಾಮಣ್ಣ."

ಯಾಕೆ ಬರೆದೆ? ಎಷ್ಟು ಸಲ ಕೇಳಿಕೊಂಡಿದ್ದೇನೋ. ಚಿತ್ರಗಳ ಕೆಳಗೆ ನಾನು ಹೆಸರು ಹಾಕಲಿಲ್ಲ. ಸಂಘದ ಪತ್ರಿಕೆಯ ಕರಡು ತಿದ್ದುವಾಗ, ಯಾರೋ ಸೇರಿಸಿದ್ದ ಅವನ ಹೆಸರನ್ನು ನಾನೇ ತೆಗೆದುಹಾಕಿ ಎರಡೆರಡು ಸಲ ನೋಡಿದ್ದೆ. "ಹಾಕಬ್ಯಾಡ್ರಿ" ಅಂದದ್ದನ್ನು ಕಾಗದಕ್ಕೆ ಮಾತ್ರ ಅಂದುಕೊಂಡೆನೋ? ಬಾಯಲ್ಲಿ ಹೇಳುವುದು ಗಾಳಿಯಲ್ಲಿ ಹೋಗುತ್ತದೆ ಎಂದುಕೊಂಡೆನೋ? ಇಲ್ಲ, ಇನ್ನೊಂದು ಹೆಸರು ಬಿಟ್ಟ ಪಾಪ ಬೇಡ ಎಂಬ ಹೆದರಿಕೆ, ಅಷ್ಟೇ ಇರಬಹುದು. ಇವನನ್ನು ಮೊದಲು ಗುರುತಿಸಿದವಳು ನಾನು ಎಂಬ ಹೆಮ್ಮೆಯೂ ಸ್ವಲ್ಪ ಇತ್ತೇನೋ. ಇರಲಿಲ್ಲ ಎಂದು ಆಣೆ ಮಾಡಲಾರೆ.

ಶನಿವಾರ ಮಧ್ಯಾಹ್ನ ಕಾರ್ಯಕ್ರಮ. ಭುವನೇಶ್ವರಿಯ ಪಟಕ್ಕೆ ಪೂಜೆ ಇದ್ದದ್ದರಿಂದ ಎಲ್ಲರೂ ಬಾಗಿಲ ಬಳಿ ಬೂಟು ಬಿಟ್ಟು ಒಳಗೆ ಬಂದಿದ್ದರು. ಚಂದ್ರಮೋಹನ ಅವರೂ ಬಿಳಿ ಕಾಲುಚೀಲದಲ್ಲಿ ಓಡಾಡುತ್ತಿದ್ದರು. ಗೋಡೆಯ ಮುಂದೆ ನಿಂತು ಒಂದೊಂದೇ ಚಿತ್ರ ನೋಡಿ ಜೋರಾಗಿ ನಕ್ಕರು.

"ಏನ್ ಗಿರಿಜಾ ಅವರೇ, ಎಲ್ಲಿಂದ ಹಿಡಿದ್ರಿ ಈ ಆರ್ಟಿಸ್ಟ್‌ನ? ಎಕ್ಸಲೆಂಟ್!"

"ಅವರಿಗೆ ಹೆಸರು ಹೇಳೋದು ಇಷ್ಟ ಇಲ್ಲ ಸಾರ್."

"ಬಹಳ ದೊಡ್ಡ ಗುಣ." ಲೇಸು ಹಿಡಿದ ಮುಷ್ಟಿಯ ಚಿತ್ರದ ಮುಂದೆ ಬಂದರು. "ಇದು ನೋಡಿ, ಇದು ಸೂಪರ್. ಬ್ರ್ಯಾಂಪ್ಟನ್‌ನಲ್ಲಿ ನನ್ನ ಕಾಂಪಿಟೇಟರ್ ಒಬ್ಬ ಇದಾನೆ, ಸಾಕ್ಷಾತ್ ಅವನೇ! ಒಂದು ಫೋಟೋ ತೆಗೀರಿ ಮೇಡಂ."

ಅವರ ಫೋನಿನಲ್ಲಿ ನಾನೇ ತೆಗೆದೆ. ಆ ಚಿತ್ರದ ಪಕ್ಕ ಅವರು ಹೆಬ್ಬೆರಳು ಎತ್ತಿ ನಿಂತಿದ್ದಾರೆ. ಹಾಲಿನ ಕೊನೆಯಲ್ಲಿ ಸ್ಪೀಕರಿನ ಪಕ್ಕ ಕುಳಿತ ದ್ಯಾಮಣ್ಣ ತಲೆ ತಗ್ಗಿಸಿ ವೈರು ಸುತ್ತುತ್ತಿದ್ದ. ಭುಜ ಅಲುಗುತ್ತಿತ್ತು, ನಗುತ್ತಿದ್ದ. ಎಷ್ಟೋ ತಿಂಗಳ ಮೇಲೆ ಅವನು ಹಾಗೆ ನಗುವುದನ್ನು ನೋಡಿದೆ.

ಕೊನೆಗೆ ನನ್ನ ಸರದಿ. ಕಾರ್ಡುಗಳನ್ನು ಹಿಡಿದು ಮೈಕಿನ ಮುಂದೆ ನಿಂತೆ. ಸುಜಾತಾ ಅವರ ಹೆಸರನ್ನು ಎಲ್ಲರಿಗಿಂತ ಮೊದಲು ಹೇಳಿದೆ. ಅವರು ಮುಗುಳ್ನಕ್ಕರು, ನನ್ನ ಎದೆಯ ಭಾರ ಇಳಿಯಿತು. ಆ ಸಮಾಧಾನದಲ್ಲಿ ಮುಂದಿನ ಕಾರ್ಡುಗಳನ್ನು ನೀರು ಹರಿದಂತೆ ಓದುತ್ತ ಹೋದೆ. ಓದುವಾಗ ಅರ್ಥ ಮನಸ್ಸಿಗೆ ಬರುತ್ತಿರಲಿಲ್ಲ, ಅಕ್ಷರ ಮಾತ್ರ ಬರುತ್ತಿತ್ತು.

"ಮೈಕ್, ಸ್ಪೀಕರ್ ವ್ಯವಸ್ಥೆ ಮಾಡಿ, ಗೋಡೆಯ ಈ ಅದ್ಭುತ ಚಿತ್ರಗಳನ್ನು ಬರೆದುಕೊಟ್ಟ..."

ಹಾಲಿನ ಕೊನೆಯಲ್ಲಿ ಅವನು ಎದ್ದು ನಿಂತ. ಎರಡೂ ಕೈ ಎತ್ತಿ ಆಡಿಸಿದ. ಹೆಸರು ಕರೆದಾಗ ಎದ್ದು ಕೈಮುಗಿಯುವುದು ನಮ್ಮಲ್ಲಿ ರೂಢಿ. ಅವನು ಮುಂಚೆಯೇ ಎದ್ದ, ನಾಚಿಕೆ ಬಿಟ್ಟನಲ್ಲ ಎಂದು ನನಗೆ ಖುಷಿಯಾಯಿತು. ಅವನ ಬಾಯಿ ಆಡುತ್ತಿತ್ತು. ನನಗೂ ಅವನಿಗೂ ನಡುವೆ ಎಂಬತ್ತು ಜನ, ಊಟದ ತಟ್ಟೆಗಳ ಸದ್ದು.

"...ದ್ಯಾಮಣ್ಣ ಅವರಿಗೆ."

ಅವನು ಮುಂದಿದ್ದ ಕಬ್ಬಿಣದ ಕುರ್ಚಿಯನ್ನು ಅಂಗೈಯಿಂದ ಬಡಿಯತೊಡಗಿದ. ಧಡ್ ಧಡ್ ಧಡ್ ಎಂದು, ತಡೆಯಿರಿ ಎಂಬಂತೆ. ಹತ್ತಿರದ ಹುಡುಗರಿಗೆ ಅವನ ಹಳೆಯ ತಾಳ ನೆನಪಾಯಿತು. ಅವರೂ ಕುರ್ಚಿ ಬಡಿದರು. ಜನ ಚಪ್ಪಾಳೆ ಹಾಕಿದರು. ಯಾರೋ ಶಿಳ್ಳೆ ಹೊಡೆದರು. ಇಷ್ಟು ಚಪ್ಪಾಳೆ ನನ್ನ ಯಾವ ವಂದನಾರ್ಪಣೆಗೂ ಬಿದ್ದಿರಲಿಲ್ಲ. ಆ ಗದ್ದಲದಲ್ಲಿ ಹೆಸರು ಕೇಳಿಸದೆ ಹೋಯಿತೇನೋ ಎಂದು ನಾನು ಅದನ್ನು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದೆ.

ಆಗ ಅವನು ಬಡಿಯುವುದನ್ನು ನಿಲ್ಲಿಸಿ ಕುಳಿತುಕೊಂಡ. ಆಮೇಲೆಯೇ ನನಗೆ ಅರ್ಥವಾದದ್ದು. ಇನ್ನೂ ಹದಿನೈದು ಕಾರ್ಡು ಉಳಿದಿತ್ತು. ಅವನ್ನೂ ಓದಿದೆ. ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ.

ಊಟದ ಹೊತ್ತಿಗೆ ಚಂದ್ರಮೋಹನ ಬಾಗಿಲ ಬಳಿ ಬೂಟು ಹುಡುಕುತ್ತಿದ್ದರು. ಕುಚ್ಚಿದ್ದ ಕಂದು ಬೂಟುಗಳನ್ನು ಕೈಗೆತ್ತಿಕೊಂಡರು. ಹಾಕಿಕೊಳ್ಳಲಿಲ್ಲ. ಅವನ್ನು ಸ್ವಲ್ಪ ಹೊತ್ತು ನೋಡಿ, ಕೈಯಲ್ಲೇ ಹಿಡಿದುಕೊಂಡು, ಕಾಲುಚೀಲದಲ್ಲೇ ಹಾಲಿನ ಉದ್ದಕ್ಕೂ ನಡೆದು ಬಂದು ಆ ಚಿತ್ರದ ಮುಂದೆ ನಿಂತರು. ಊಟ ಮಾಡದೆ ಹೋದರು.

ಸೋಮವಾರ ದ್ಯಾಮಣ್ಣ ಶಿಫ್ಟಿಗೆ ಹೋಗಿ ಒಂದು ಗಂಟೆಯಲ್ಲಿ ವಾಪಸು ಬಂದ. ಒಂದು ಮಷೀನ್ ಲೈನ್ ಮುಚ್ಚುತ್ತಿದ್ದೇವೆ, ನಿನ್ನ ಕೆಲಸ ಇನ್ನಿಲ್ಲ ಎಂದರಂತೆ. ಮುಚ್ಚಿದ ಲೈನಿನಲ್ಲಿ ಇವನೊಬ್ಬನೇ ಇದ್ದದ್ದೇ ಎಂದು ನಾನು ಕೇಳಿದೆ. ಅವನು ಭುಜ ಕುಣಿಸಿದ. ನಾನು ಅವನ ಕಾಲು ಹಿಡಿಯಲು ಬಗ್ಗಿದೆ. ಅವನು ಗಾಬರಿಯಾಗಿ ಹಿಂದೆ ಸರಿದು, "ಏ ಬ್ಯಾಡ್ರಿ ಅಕ್ಕಾರ," ಎಂದು ಉಸುರಿದ. "ನೀವು ಚಲೋದಕ್ಕ ಮಾಡಿದ್ರಿ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಮರುದಿನ ಫ್ಯಾಕ್ಟರಿಯ ಆಫೀಸಿಗೆ ಹೋದೆ. ಚಂದ್ರಮೋಹನ ಕಾಫಿ ತರಿಸಿದರು. ಅವತ್ತು ಕಪ್ಪು ಬೂಟು ಹಾಕಿದ್ದರು.

"ಬಿಸಿನೆಸ್ ಸ್ಲೋ ಇದೆ ಗಿರಿಜಾ ಅವರೇ. ನನಗೂ ಬೇಜಾರೇ."

"ಇನ್ನೊಂದು ತಿಂಗಳು ಇಟ್ಕೊಳ್ಳಿ ಸಾರ್. ಒಂದೇ ತಿಂಗಳು. ಅವನ ಗಂಟಲು..."

"ಗಂಟಲು ಸರಿ ಇಲ್ದೇನೇ ಇಷ್ಟು ಮಾತಾಡಿದಾನಲ್ಲ."

"ತಪ್ಪು ನಂದು ಸಾರ್. ಆ ಚಿತ್ರ ಹಾಕಿಸಿದ್ದು ನಾನು."

"ಯಾವ ಚಿತ್ರ?" ಅಂದರು. ಕಾಫಿ ಲೋಟವನ್ನು ನನ್ನ ಕಡೆ ಸರಿಸಿದರು. "ಆರಿ ಹೋಗುತ್ತೆ, ತಗೊಳ್ಳಿ. ಅಂದ ಹಾಗೆ, ವಂದನಾರ್ಪಣೆ ಬಹಳ ಚೆನ್ನಾಗಿ ಮಾಡಿದ್ರಿ. ಒಬ್ಬರನ್ನೂ ಬಿಡಲಿಲ್ಲ."

ನಾನು ಕಾಫಿ ಕುಡಿದೆ. ಎದ್ದು ಬರಬೇಕಿತ್ತು. ಕುಡಿದರೆ ಅವರ ಮನಸ್ಸು ಕರಗೀತು ಅಂದುಕೊಂಡೆ.

ಆಮೇಲಿನ ಎಂಟು ವಾರ ನಾನೂ ಮಂಥನ್ನೂ ಅಲೆದದ್ದೇ ಅಲೆದದ್ದು. ಒಬ್ಬ ವಕೀಲೆ, ಎರಡು ಉಚಿತ ಸಲಹಾ ಕೇಂದ್ರ, ಮಿಸಿಸಾಗಾದಲ್ಲಿ ಇನ್ನೊಂದು ಫ್ಯಾಕ್ಟರಿ. ಹೊಸ ಮಾಲೀಕರು ಸಿಕ್ಕರೂ ಅವರ ಹೆಸರಿನ ಪರ್ಮಿಟ್ ಬರಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಇವನ ದಿನ ಮುಗಿದಿರುತ್ತದೆ ಎಂದರು. ಎಲ್ಲ ಕಡೆಯೂ ನಾನೇ ಮಾತಾಡಬೇಕಿತ್ತು, ಅವನು ಪಕ್ಕದಲ್ಲಿ ಕುಳಿತಿರುತ್ತಿದ್ದ. ನಾನು ತಡವರಿಸಿದಾಗಲೆಲ್ಲ ಅವನ ಬೆರಳು ಮೇಜಿನ ಮೇಲೆ ಏನೋ ಬರೆಯುತ್ತಿತ್ತು. ಡಿಸೆಂಬರ್ ಕೊನೆಯ ಹೊತ್ತಿಗೆ ಅವನು ಬರೆಯುವುದನ್ನೂ ನಿಲ್ಲಿಸಿದ. ಕಿಟಕಿಯ ಕೆಳಗೆ ಕುಳಿತು ಹೊರಗೆ ನೋಡುತ್ತಿದ್ದ. ಹಿಮ ಬಿದ್ದು ಕಿಟಕಿ ಅರ್ಧ ಮುಚ್ಚಿತ್ತು, ಬೂಟೂ ಕಾಣುತ್ತಿರಲಿಲ್ಲ. ನಾನು ಹೋಗಿ ಸಲಿಕೆಯಿಂದ ಹಿಮ ಸರಿಸಿದೆ. ಮಾರನೆಯ ದಿನ ಮತ್ತೆ ಮುಚ್ಚಿತ್ತು. ಮತ್ತೆ ಸರಿಸಿದೆ.

ಜನವರಿ ಎರಡನೆಯ ವಾರ ಒಂದು ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಅವನ ಸಾಮಾನು ಇರಲಿಲ್ಲ. ಮಂಥನ್ ಕಾಲೇಜಿಗೆ ಹೋಗಿದ್ದ, ಅವನಿಗೂ ಹೇಳಿರಲಿಲ್ಲ. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಒಂದು ರಟ್ಟು ಇತ್ತು, ಚಪಾತಿ ಡಬ್ಬದ ಒಳಬದಿ.

ಹಾಲಿನ ಚಿತ್ರ. ಕುರ್ಚಿಗಳ ಕೆಳಗಿನಿಂದ ಕಂಡಂತೆ. ಸಾಲು ಸಾಲು ಕಾಲುಚೀಲಗಳು, ಒಂದರಲ್ಲಿ ತೂತು. ದೂರದಲ್ಲಿ ಮೈಕಿನ ಕಂಬ, ಅದರ ಬುಡದಲ್ಲಿ ಒಂದು ಜೊತೆ ಬರಿಗಾಲು, ಎರಡನೆಯ ಬೆರಳುಗಳಲ್ಲಿ ಕಾಲುಂಗುರ. ನನ್ನವೇ. ಎಡಗಾಲಿನ ಮೇಲೆ ಹಳೆಯ ಸುಟ್ಟ ಗುರುತನ್ನೂ ಹಾಕಿದ್ದ. ಹೆದರಿಕೆಯಾದಾಗ ನನ್ನ ಕಾಲ್ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ಅದು ಅವನ ಕಣ್ಣಿಗೆ ಯಾವಾಗ ಬಿದ್ದಿತ್ತೋ. ಅವನ ಕಾಲುಗಳಿಗಾಗಿ ಹುಡುಕಿದೆ. ಚಿತ್ರದಲ್ಲಿ ಎಲ್ಲೂ ಇರಲಿಲ್ಲ.

ಅವನಿಗೆ ಫೋನ್ ಮಾಡಿದರೆ "ಈ ನಂಬರ್ ಚಾಲನೆಯಲ್ಲಿಲ್ಲ" ಎಂದು ಬರುತ್ತದೆ. ಗದಗಿನಲ್ಲಿ ಅವನ ಅಕ್ಕ ಇದ್ದಾಳೆಂದು ಗೊತ್ತು, ವಿಳಾಸ ಗೊತ್ತಿಲ್ಲ. ಊರಿಗೆ ಹೋಗಿದ್ದಾನೆ ಎಂದು ಒಬ್ಬರು, ಇಲ್ಲ, ಕಾಗದವಿಲ್ಲದೆ ಮಾಂಟ್ರಿಯಲ್ ಕಡೆ ಎಲ್ಲೋ ದುಡಿಯುತ್ತಿದ್ದಾನೆ ಎಂದು ಇನ್ನೊಬ್ಬರು ಹೇಳುತ್ತಾರೆ. ಏಪ್ರಿಲ್‌ನಲ್ಲಿ ಆಪರೇಷನ್ನಿನ ದಿನ ನಾನು ಆಸ್ಪತ್ರೆಗೆ ಹೋಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ಬಾಗಿಲಲ್ಲಿ ಕುಳಿತಿದ್ದೆ. ಅವನು ಬರಲಿಲ್ಲ.

ಅವನು ಎಲ್ಲಿದ್ದಾನೋ ನನಗೆ ಗೊತ್ತಿಲ್ಲ. ಇನ್ನೂ ಚಿತ್ರ ಬರೆಯುತ್ತಾನೋ ಇಲ್ಲವೋ ಗೊತ್ತಿಲ್ಲ. ನಾನು ಹೆಸರು ಹೇಳದಿದ್ದರೂ ಆ ಬೂಟಿನವರಿಗೆ ಒಂದಲ್ಲ ಒಂದು ದಿನ ತಿಳಿಯುತ್ತಿತ್ತೋ ಏನೋ, ಅದೂ ಗೊತ್ತಿಲ್ಲ. ಆ ರಟ್ಟನ್ನು ಅವನು ನನ್ನ ಮೇಲಿನ ಸಿಟ್ಟಿಗೆ ಬರೆದನೋ, ಕನಿಕರಕ್ಕೆ ಬರೆದನೋ, ಎಷ್ಟು ಸಲ ನೋಡಿದರೂ ನನಗೆ ತಿಳಿದಿಲ್ಲ.